ಹಿಂದಿನ ಅಂಚು

ಗಂಗಾಂಬಿಕೆ ಸಿಸ್ಟರ್ ಚೀಲದಿಂದ ಗ್ಲೂಕೋಸ್ ಬಾಟಲಿ ತೆಗೆದು ಗಿರಿಧರನ ಮೇಜಿನ ಮೇಲೆ ಕುಕ್ಕಿದರು. ಬಾಟಲಿಯ ಬಾಯಿಗೆ ಚುಚ್ಚಿದ್ದ ಡ್ರಿಪ್ ಸೆಟ್ಟು ಇನ್ನೂ ಹಾಗೇ ಇತ್ತು.

"ಚನ್ನರಾಯಪಟ್ಟಣದ ಆಸ್ಪತ್ರೆಯಿಂದ ಬಸ್ಸಲ್ಲಿ ಇದನ್ನ ಹೊತ್ಕೊಂಡು ಬಂದಿದೀನಿ. ನಿಮ್ಮ ಸ್ಪೈಕಿನ ತೂತಲ್ಲಿ ಏನು ಸಿಕ್ಕಾಕ್ಕೊಂಡಿದೆ ನೋಡಿ. ರಬ್ಬರ್ ಚೂರು. ವಾಂತಿಭೇದಿ ಆಗಿ ಕಣ್ಣು ಗುಳಿಬಿದ್ದಿದ್ದ ಮಗು ಅದು. ಹನಿ ನಿಂತೇ ಹೋಗಿತ್ತು. ನಾನು ನೋಡಿ ಬೇರೆ ಸೆಟ್ಟು ಹಾಕಿದೆ, ಉಳ್ಕೊಂತು. ನೋಡದೆ ಇದ್ದಿದ್ರೆ?"

ಸ್ಪೈಕ್ ಎಂದರೆ ಬಾಟಲಿಯ ರಬ್ಬರ್ ಬಿರಡೆಗೆ ಚುಚ್ಚುವ ಪ್ಲಾಸ್ಟಿಕ್ ಮೊನೆ. ಒಳಗೆ ಟೊಳ್ಳು, ಔಷಧಿ ಇಳಿಯುವುದು ಅದರ ಮೂಲಕವೇ. ಹಾಸನದಲ್ಲಿ ಇಪ್ಪತ್ತು ಜನರನ್ನು ಇಟ್ಟುಕೊಂಡು ಗಿರಿಧರ ಡ್ರಿಪ್ ಸೆಟ್ಟಿನ ಕಾರ್ಖಾನೆ ತೆರೆದು ಆಗಿನ್ನೂ ಒಂದು ವರ್ಷ, ತೊಂಬತ್ತೆಂಟನೇ ಇಸವಿ. ಸ್ಪೈಕಿನ ನಕ್ಷೆ ಬರೆದವನೂ ಅವನೇ. ಅದರಲ್ಲಿ ಕೂದಲೆಳೆಯಷ್ಟು ತಪ್ಪಿದೆ ಎಂದರೂ ಅವನು ಒಪ್ಪುತ್ತಿರಲಿಲ್ಲ.

"ಬಿರಡೆ ಮಾಡೋರು ಕಳಪೆ ರಬ್ಬರ್ ಹಾಕಿರ್ತಾರೆ ಸಿಸ್ಟರ್. ನಮ್ಮ ಸ್ಪೈಕಿಂದ ಹಾಗೆಲ್ಲ ಆಗಲ್ಲ," ಎಂದ.

"ರಬ್ಬರಿಂದಲ್ಲ ಸಾ. ನಮ್ ಸ್ಪೈಕಿಂದೇ."

ಹೇಳಿದ್ದು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕವನಾ. ತಯಾರಾದ ಸ್ಪೈಕುಗಳನ್ನು ಒಂದೊಂದಾಗಿ ದೀಪದ ಕೆಳಗೆ ಹಿಡಿದು ಪರೀಕ್ಷಿಸುವುದು ಅವಳ ಕೆಲಸ. ಸೇರಿ ಎಂಟು ತಿಂಗಳಾಗಿತ್ತು, ಇನ್ನೂ ಖಾಯಂ ಆಗಿರಲಿಲ್ಲ.

ಗಿರಿಧರನ ಮುಖ ಕೆಂಪೇರಿತು. "ನಿನಗೇನಮ್ಮ ಗೊತ್ತು?"

ಬಾಯಿಗೆ ಬಂದ ಮಾತನ್ನು ಕವನಾ ನುಂಗಲಿಲ್ಲ. "ಓದ ವಾರ ಊಟದ ಬಿಡುವಲ್ಲಿ ಹಳೇ ಬಿರಡೆಗಳಿಗೆ ಚುಚ್ಚಿ ನೋಡ್ದೆ ಸಾ. ಮುಂದಿನ ತುದಿ ರಬ್ಬರ್ನ ಸೀಳ್ಕೊಂಡು ಓಗುತ್ತೆ, ಅದು ಸರಿ. ಅದ್ರ ಹಿಂದೆ ಬರೋ ತೂತಿನ ಅಂಚೂ ಚೂಪಾಗೈತೆ. ಅದು ರಬ್ಬರ್ನ ಕೆತ್ತುತ್ತೆ. ಪರಂಗಿ ದಂಟ್ನ ಕೆಸರಿಗೆ ಚುಚ್ಚಿದ್ರೆ ಮಣ್ಣು ಬಿಲ್ಲೆ ತರ ಒಳಕ್ಕೆ ಕುಂತ್ಕತ್ತದಲ್ಲ, ಅಂಗೇ. ತುದಿ ಚೂಪಾಗೇ ಇರ್ಲಿ ಸಾ. ಹಿಂದಿನ ಅಂಚು ಮೊಂಡಾಗ್ಬೇಕು."

"ಹೋದ ವಾರವೇ ಗೊತ್ತಿತ್ತಾ? ಯಾಕೆ ಹೇಳಲಿಲ್ಲ?"

"ಸೂಪರ್‌ವೈಸರ್‌ಗೆ ಯೋಳ್ದೆ ಸಾ. ನಕ್ಷೆ ಸಾಹೇಬ್ರುದ್ದು, ಬಾಯ್ ಮುಚ್ಕೊಂಡು ಕೆಲ್ಸ ನೋಡು ಅಂದ್ರು."

ಗಿರಿಧರ ಅವಳ ತಟ್ಟೆಯಿಂದ ಒಂದು ಸ್ಪೈಕ್ ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಹೆಬ್ಬೆರಳಿನಿಂದ ಹಿಂದಿನ ಅಂಚನ್ನು ಸವರಿದ. ಆಮೇಲೆ ಎದ್ದು ಮೆಷಿನ್ನಿನ ಕಡೆ ನಡೆದು, "ನಿಲ್ಲಿಸ್ರಪ್ಪ," ಎಂದ. "ನೂರು ಸ್ಪೈಕು, ನೂರು ಬಿರಡೆ ತನ್ನಿ. ನುಣುಪಾದ ಉಪ್ಪುಕಾಗದ ಇದ್ರೆ ಅದನ್ನೂ ತನ್ನಿ."

ಕವನಾ ಒಂದು ಸ್ಪೈಕಿನ ಅಂಚನ್ನು ಉಜ್ಜಿ ತೋರಿಸಿದಳು. ಅವಳ ಸಾಲಿನ ಹೆಂಗಸರೆಲ್ಲ ನೆಲದ ಮೇಲೆ ಕೂತು ಉಜ್ಜತೊಡಗಿದರು. ಗಿರಿಧರನೂ ಅಂಗಿಯ ತೋಳು ಮಡಿಸಿ ಅವರ ನಡುವೆ ಕೂತ. ಅವನು ಉಜ್ಜಿದ ಮೊದಲನೆಯದನ್ನು ಕವನಾ ದೀಪಕ್ಕೆ ಹಿಡಿದು ನೋಡಿ, "ಸಾಲ್ದು ಸಾ," ಎಂದು ವಾಪಸ್ಸು ಕೊಟ್ಟಳು. ಅವನು ಮತ್ತೆ ಉಜ್ಜಿದ.

ಚುಚ್ಚುವ ಕೆಲಸ ಸಿಸ್ಟರದು. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದ ಕೈ. ಮೊದಲು ಉಜ್ಜದೆ ಉಳಿಸಿದ್ದ ಸ್ಪೈಕುಗಳನ್ನು ಚುಚ್ಚಿದರು. ಐವತ್ತರಲ್ಲಿ ಆರು ಕಡೆ ರಬ್ಬರ್ ಚೂರು. ಬಿಳಿ ತಟ್ಟೆಯ ಮೇಲೆ ಸಾಸಿವೆ ಕಾಳಿನ ಹಾಗೆ ಬಿದ್ದವು. ತಟ್ಟೆ ಒರೆಸಿ ಉಜ್ಜಿದ ಸ್ಪೈಕುಗಳನ್ನು ತೆಗೆದುಕೊಂಡರು. ಹತ್ತು. ಇಪ್ಪತ್ತು. ಮೂವತ್ತು. ನಲವತ್ತು. ಐವತ್ತನೆಯದನ್ನೂ ಚುಚ್ಚಿ ತೆಗೆದು, ಸಿಸ್ಟರ್ ತಟ್ಟೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

ಖಾಲಿ.

"ತಪ್ಪು ನನ್ನ ನಕ್ಷೇದೇ," ಎಂದ ಗಿರಿಧರ, ಅಷ್ಟೂ ಜನಕ್ಕೆ ಕೇಳಿಸುವಂತೆ. ನಂತರ ಒಳಗೆ ಹೋಗಿ ಒಂದೊಂದೇ ಆಸ್ಪತ್ರೆಗೆ ತಾನೇ ಫೋನ್ ಮಾಡಿ, ತಮ್ಮ ಸೆಟ್ಟುಗಳನ್ನು ಬಳಸಬೇಡಿ, ಎಲ್ಲವನ್ನೂ ವಾಪಸ್ಸು ತರಿಸಿಕೊಳ್ಳುತ್ತೇನೆ ಎಂದು ಹೇಳಿದ.

ಎರಡು ತಿಂಗಳ ಮೇಲೆ ಹೊಸ ಅಚ್ಚು ಬಂತು. ಅದಕ್ಕೆಂದು ಬರೆದ ಹೊಸ ನಕ್ಷೆಯ ಒಂದು ಪ್ರತಿಯನ್ನು ಗಿರಿಧರ ಕವನಾಳ ಕೈಗೆ ಕೊಟ್ಟು, ಕೆಳಗಿನ ಮೂಲೆಯನ್ನು ತೋರಿಸಿದ. ವಿನ್ಯಾಸ ಮಾಡಿದವರ ಜಾಗದಲ್ಲಿ ಇಂಗ್ಲಿಷಿನಲ್ಲಿ ಎರಡು ಹೆಸರು. ಮೊದಲನೆಯದು ಅವನದಲ್ಲ.

ಸಂಜೆ ತನ್ನೂರು ಕಟ್ಟಾಯದ ಮನೆಯಲ್ಲಿ ಅವಳು ಆ ಹಾಳೆಯನ್ನು ಚಾಪೆಯ ಮೇಲೆ ಹಾಸಿದಳು. ಗಾರೆ ಕೆಲಸ ಮುಗಿಸಿ ಬಂದ ಅಪ್ಪ ಶಿವಯ್ಯ ಬಗ್ಗಿ ನೋಡಿದ.

"ಯಾವ್ ಕಟ್ಟಡದ ಪ್ಲಾನವ್ವ ಇದು?"

"ಕಟ್ಟಡ ಅಲ್ಲ ಕಣಪ್ಪ. ನಾವ್ ಮಾಡೋ ಸ್ಪೈಕು." ಕವನಾ ಕಿರುಬೆರಳು ಎತ್ತಿದಳು. "ಇಷ್ಟೇ ಇರೋದು."

"ಇಷ್ಟುದ್ದದ್ದಕ್ಕೆ ಇಷ್ಟು ದೊಡ್ಡ ಹಾಳೆನಾ?"

"ತಪ್ಪಿದ್ರೆ ಎದ್ದು ಕಾಣ್ಬೇಕಲ್ಲಪ್ಪ."

ಶಿವಯ್ಯ ಟವಲಿಗೆ ಎರಡೂ ಕೈ ಒರೆಸಿಕೊಂಡ. "ನಿನ್ ಹೆಸ್ರು ಎಲ್ಲೈತೆ, ತೋರ್ಸು."

ಕವನಾ ಸಿಮೆಂಟಿಗೆ ಬಿರಿದಿದ್ದ ಅವನ ಬೆರಳು ಹಿಡಿದು ಮೂಲೆಯ ಮೇಲೆ ಇಟ್ಟಳು. ಬೆರಳು ಒಂದೊಂದೇ ಅಕ್ಷರದ ಮೇಲೆ ಸಾಗಿ, ಕೊನೆಯಲ್ಲಿ ಬೇರೆಯಾಗಿ ನಿಂತಿದ್ದ ಒಂದರ ಬಳಿ ತಡೆಯಿತು.

"ಇದ್ಯಾವ್ದವ್ವ, ಒಂಟಿಯಾಗಿ ಹಾವಿನಂಗೆ ನಿಂತೈತೆ?"

"ಎಸ್ಸು ಕಣಪ್ಪ. ಅದು ನೀನು."