ನೋಟಿಸು ಬಾರದ ವರ

ಹೆಣ್ಣು ನೋಡುವ ಶಾಸ್ತ್ರ ಹೋಟೆಲಿನಲ್ಲೇ ನಡೆದಿತ್ತು. ಹುಡುಗಿಯ ಅಪ್ಪ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಕಂಡಕಂಡಲ್ಲಿ ಗಾಡಿ ನಿಲ್ಲಿಸುವವನಿಗೆ ಮಗಳನ್ನು ಕೊಡೆನೆಂದು ಹಟ ಹಿಡಿದಿದ್ದ. ಹೆಣ್ಣು ನೋಡಲು ಬಂದ ತಿಪ್ಪೇಶನಿಗೋ ಹುಡುಗಿ ನೋಡಿದೊಡನೆ ಹಿಡಿಸಿಬಿಟ್ಟಿದ್ದಳು.

"ನೋ ಪಾರ್ಕಿಂಗ್‌ನಾಗೆ ಬೈಕ್ ನಿಲ್ಸಿ ದಂಡ ಗಿಂಡ ಬಿದ್ದೈತೇನಪ್ಪಾ?" ಹುಡುಗಿಯ ಅಪ್ಪ ಕೇಳಿದ.

ಬಾಡಿಗೆ ಮನೆ ಬದಲಿಸಿದ ಮೇಲೂ ಆರ್‌ಟಿಒ ದಾಖಲೆಯಲ್ಲಿ ಹಳೆಯ ವಿಳಾಸವನ್ನೇ ಉಳಿಸಿಕೊಂಡಿದ್ದ ತಿಪ್ಪೇಶ ಧೈರ್ಯವಾಗಿ ಎದೆಯುಬ್ಬಿಸಿದ. "ಛೇ ಛೇ, ಎರಡು ವರ್ಷದಾಗೆ ಒಂದು ನೋಟಿಸೂ ನಮ್ಮನೆ ಬಾಗಿಲಿಗೆ ಬಂದಿಲ್ಲ ಮಾವಾ!"

"ಹೆಂಗ್ ಬರ್ತಾವೆ? ನೀನು ಖಾಲಿ ಮಾಡಿದ ಮನೇಲಿ ಈಗ ಇರೋರು ನಾವೇ. ನಿನ್ನ ಹೆಸರಿನ ಹನ್ನೊಂದು ನೋಟಿಸು ನಾನೇ ಇಸ್ಕೊಂಡೀನಿ."

ಹುಡುಗಿ ನಗು ತಡೆದುಕೊಂಡು ಮೆಲ್ಲಗೆ ಹೇಳಿದಳು:

"ಅಡ್ರೆಸ್ ತಿದ್ಸಾಕೆ ಅಷ್ಟು ಬೇಜಾರಾದ್ರೆ, ಮನೆಯಳಿಯ ಆಗಿ ಅಲ್ಲಿಗೇ ಬಂದ್ಬಿಡ್ರಿ."