ಯಂತ್ರಕ್ಕೊಂದು ದಿನ ರಜೆ

ಮಕ್ಕಳ ಜ್ವರದ ಸಿರಪ್ಪು ಎಷ್ಟು ಕಾಲ ಕೆಡದೆ ಉಳಿಯುತ್ತದೆಂದು ತಿಳಿಯಲು ಕಾರ್ಖಾನೆಯ ಹಿಂಕೋಣೆಯಲ್ಲೊಂದು ಚೇಂಬರಿತ್ತು, ಬಾಟಲಿಗಳನ್ನಿಟ್ಟು ನೋಡುವ ಯಂತ್ರ. ಅದರೊಳಗೆ ಶಾಖ, ತೇವ ಸದಾ ಒಂದೇ ಹದದಲ್ಲಿರಬೇಕು. ಆಯುಧಪೂಜೆಯ ಬೆಳಿಗ್ಗೆ ಮ್ಯಾನೇಜರು ಕುಂಕುಮದ ಬಟ್ಟಲು ಹಿಡಿದು ಬಂದರು.

"ವಾರಿಜಾ, ಚೇಂಬರ್ ಆಫ್ ಮಾಡಮ್ಮ. ಇವತ್ತು ಯಂತ್ರಗಳಿಗೆ ವಿಶ್ರಾಂತಿ."

ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದ್ದ ವಾರಿಜ ಅಡ್ಡ ಬಂದಳು. "ಸಾರ್, ಒಂದು ದಿನ ನಿಂತ್ರೂ ಪರೀಕ್ಷೆ ಹಾಳು. ಕುಡಿಯೋರು ಮಕ್ಕಳು!"

"ಹೋದ ವರ್ಷಾನೂ ಆಫ್ ಮಾಡಿದ್ವಿ, ಏನಾಯ್ತು? ವರ್ಷಪೂರ್ತಿ ರಿಪೋರ್ಟಲ್ಲಿ ಅರ್ಧ ಡಿಗ್ರಿ ಆಚೀಚೆ ಆಗಿಲ್ಲ. ಎಲ್ಲಾ ತಾಯಿ ದಯೆ. ಹೋಗಮ್ಮ, ಆರತಿಗೆ ಹೊತ್ತಾಯ್ತು."

ವಾರಿಜ ಗೊಣಗುತ್ತಲೇ ಹಿಂಕೋಣೆಯ ಬೀಗ ತೆಗೆದಳು. ಚೇಂಬರಿನ ಸ್ವಿಚ್ಚಿನ ಮೇಲೆ ಹೋದ ವರ್ಷದ ಚೆಂಡುಹೂವಿನ ಹಾರ ಒಣಗಿ ನೇತಾಡುತ್ತಿತ್ತು. ಹಾರ ಸರಿಸಿ ನೋಡಿದರೆ, ಸ್ವಿಚ್ಚು ಇನ್ನೂ ಆಫ್ ಆಗಿಯೇ ಇತ್ತು.