ಎಲೆ ಉದುರಿಸದ ಕೊಂಬೆ

“ಇದು ಯಾವ ಬಣ್ಣ, ನೀವೇ ಹೇಳಿ” ಎಂದು ಟೀಚರ್ ಚಿತ್ರದ ಹಾಳೆಯನ್ನು ಮೇಜಿನ ಮೇಲೆ ಅವನತ್ತ ಸರಿಸಿದರು. ಹಾಳೆಯಲ್ಲೊಂದು ಮರ. ಕಾಂಡ, ಕೊಂಬೆ, ಎಲೆ ಎಲ್ಲವೂ ಅವನ ಕಣ್ಣಿಗೆ ಒಂದೇ ಮಂಕು. ಮೂಲೆಯಲ್ಲಿ ಮಗಳ ಕೈಬರಹದಲ್ಲಿ ಮೂರು ವಾರದ ಹಿಂದಿನ ತಾರೀಖು.

“ಕನ್ನಡಕ ಮನೇಲೇ ಬಿಟ್ಟು ಬಂದೆ” ಎಂದ. ಅವನು ಹುಟ್ಟಿದಾರಭ್ಯ ಕನ್ನಡಕ ಹಾಕಿದವನಲ್ಲ.

“ಬೇಜಾರ್ ಮಾಡ್ಕೋಬೇಡಿ. ಎಲೆ ಉದುರೋ ಕಾಲ ಅಲ್ವಾ, ಅಂಗಳದ ಮರ ಹೇಗೆ ಬದಲಾಗುತ್ತೆ ಅಂತ ವಾರಕ್ಕೊಂದು ಚಿತ್ರ ಬರೆಸ್ತಿದ್ದೀನಿ. ಆ ವಾರ ಮರ ಪೂರ್ತಿ ಹಸಿರು. ನಿಮ್ಮ ಗುಬ್ಬಿ ಒಂದು ಕೊಂಬೆಯ ಎಲೆಗೆಲ್ಲ ಕಂದು ಬಳಿದಿದ್ದಾಳೆ. ತಪ್ಪು ಅಂದ್ರೆ ಜಪ್ಪಯ್ಯ ಅಂದ್ರೂ ಒಪ್ಪಲ್ಲ. ಒಂದ್ಸಲ ಕಣ್ಣು ತೋರಿಸಿಬಿಡಿ. ಕೆಲವರಿಗೆ ಹಸಿರೂ ಕಂದೂ ಒಂದೇ ಥರ ಕಾಣುತ್ತಂತೆ.”

ಕೆಲವರಿಗಂತೆ! ರೈಲು ಓಡಿಸುವ ಕೆಲಸಕ್ಕೆಂದು ಹದಿನೆಂಟನೆಯ ವಯಸ್ಸಿನಲ್ಲಿ ಹೋದವನ ಮುಂದೆ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದು, ಎರಡೇ ನಿಮಿಷದಲ್ಲಿ ಮನೆಗೆ ಕಳಿಸಿದ್ದರು. ಅಲ್ಲಿಯವರೆಗೆ ಅವನು ಕ್ರೇಯಾನಿನ ಮೇಲಿನ ಹೆಸರು ಓದಿಕೊಂಡೇ ಕಾಲ ತಳ್ಳಿದ್ದ. ಈಗ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯೂ ಬೆರಳಿಗೆ ಗೊತ್ತಾಗುತ್ತದೆ, ಬಣ್ಣದ ಗೊಡವೆಯಿಲ್ಲ. ಆದರೆ ಹೆಂಡತಿಯ ತಮ್ಮನಿಗೂ ಇದೇ ದೋಷ, ಅಂದರೆ ತಾಯಿಯ ಕಡೆಯಿಂದಲೂ ಬರಬಹುದು. ಮಗಳು ಹುಟ್ಟಿದ ವಾರವೇ ಅವನು ಲೆಕ್ಕ ಹಾಕಿದ್ದ: ಅವಳಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊನ್ನೆ ಅವಳು ಕ್ರೇಯಾನ್ ತಿರುಗಿಸಿ ಹೆಸರು ಓದುತ್ತಿದ್ದುದನ್ನು ಅವನು ಕಂಡಿದ್ದ. ಓದು ಕಲಿತ ಹುರುಪೋ, ಇನ್ನೇನೋ? ಕೇಳುವ ಧೈರ್ಯ ಬಂದಿರಲಿಲ್ಲ.

“ಆ ಮರ ಒಮ್ಮೆ ನೋಡಬಹುದಾ?” ಎಂದ.

ಅಂಗಳದ ಮರ ಅರ್ಧ ಬೋಳಾಗಿತ್ತು. ಬೆಂಚಿನ ಮೇಲಕ್ಕೆ ಚಾಚಿದ್ದ ಒಂದು ಕೊಂಬೆ ಮಾತ್ರ ಒಂದೆಲೆಯನ್ನೂ ಕಳೆದುಕೊಂಡಿರಲಿಲ್ಲ.

“ಇದೇ ಅವಳು ಕಂದು ಬಳಿದ ಕೊಂಬೆ” ಎಂದರು ಟೀಚರ್. “ಎಷ್ಟು ಗಟ್ಟಿ ನೋಡಿ! ಅಲ್ಲಾಡಿಸಿದ್ರೂ ಉದುರಲ್ಲ. ಮಕ್ಕಳಿಗೆ ಇದರ ಕೆಳಗೇ ಕೂರೋ ಆಸೆ.”

“ಮೂರು ವಾರದ ಹಿಂದೆ ಇದು ಹಸಿರಾಗಿದ್ದದ್ದನ್ನ ನೀವು ನೋಡಿದ್ರಾ?”

“ಕ್ಲಾಸಿನ ಕಿಟಕಿಯಿಂದ ಮರ ಕಾಣ್ಸುತ್ತಲ್ಲ!”

ಅವನು ತಿರುಗಿ ನೋಡಿದ. ಕಿಟಕಿ ಮರದ ಆಚೆ ಬದಿಗಿತ್ತು; ಅಲ್ಲಿಂದ ಈ ಕೊಂಬೆ ಕಾಣುವಂತಿರಲಿಲ್ಲ. ಬೆಂಚು ಹತ್ತಿ, ಪಕ್ಕದ ಕೊಂಬೆಯ ಎಲೆಯೊಂದನ್ನು ಮುಟ್ಟಿದ. ಅದು ಕಾದು ಕೂತಿದ್ದಂತೆ ಅವನ ಅಂಗೈಗೆ ಬಿತ್ತು. ಗಟ್ಟಿ ಕೊಂಬೆಯ ಎಲೆಯನ್ನೂ ಹಾಗೇ ಮುಟ್ಟಿದ. ಬರಲಿಲ್ಲ. ಎಳೆದ. ಲಟಕ್ಕೆಂದು ಕಡ್ಡಿಯೇ ಮುರಿದು ಬಂತು, ಎಲೆ ಮಾತ್ರ ಕಡ್ಡಿ ಬಿಡಲಿಲ್ಲ.

“ಟೀಚರ್, ಎಲೆ ಉದುರಿಸೋದು ಯಾರು? ಗಾಳಿನಾ?”

“ಗಾಳಿ ನೆಪ ಅಷ್ಟೇ. ಮರಾನೇ ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ ಎಲೆ ಕಳಚಿಕೊಳ್ಳುತ್ತೆ. ಹೋದ ವಾರ ತಾನೇ ಪಾಠ ಮಾಡ್…” ಅವರ ಕಣ್ಣು ಅವನ ಕೈಯಲ್ಲಿದ್ದ ಮುರಿದ ಕಡ್ಡಿಯತ್ತ ಹೋಯಿತು.

“ಜೀವ ಇದ್ರೆ ತಾನೇ ಕಳಚಿಕೊಳ್ಳೋದು?”

ಎಲೆ ಉದುರುವ ಕಾಲಕ್ಕೆ ಮುಂಚೆಯೇ ಸತ್ತ ಕೊಂಬೆ ಅದು. ಮರವೆಲ್ಲ ಹಸಿರಾಗಿದ್ದಾಗ ಇದೊಂದೇ ಕಂದಾಗಿತ್ತು, ಗುಬ್ಬಿ ಕಂಡದ್ದನ್ನೇ ಬಳಿದಿದ್ದಳು. ಅವಳ ಕಣ್ಣು ಸರಿಯಿತ್ತು! ಆರು ವರ್ಷ ಹೊತ್ತ ಭಾರ ಇಳಿಯಿತು. ಬೆಂಚಿನಿಂದ ಇಳಿಯಲೆಂದು ಕಾಂಡ ಹಿಡಿದ. ಕೊಂಬೆ ಕಾಂಡಕ್ಕೆ ಕೂಡುವಲ್ಲಿ ಅವನ ಬೆರಳು ಬಿರುಕೊಂದರೊಳಗೆ ಎರಡು ಗೆಣ್ಣಿನವರೆಗೆ ಇಳಿಯಿತು.

ಕೊಂಬೆ ತೊಡೆಗಾತ್ರವಿತ್ತು. ಅದರ ನೇರ ಕೆಳಗೆ ಬೆಂಚು. ಅಷ್ಟರಲ್ಲಿ ಆಟದ ಗಂಟೆ ಹೊಡೆಯಿತು.

“ಮಕ್ಕಳನ್ನ ಈ ಕಡೆ ಬಿಡಬೇಡಿ!” ಅವನು ಬೆಂಚಿನಿಂದ ಧುಮುಕಿ, ಎರಡೂ ಕೈ ಅಗಲಿಸಿ ಓಡಿದ. ಮಕ್ಕಳು ಹೊಸ ಆಟವೆಂದು ಕೇಕೆ ಹಾಕಿದರು. ಟೀಚರ್ ಸಿಕ್ಕಿದವರ ರಟ್ಟೆ ಹಿಡಿದು, ಗದರಿ, ಎಲ್ಲರನ್ನೂ ಗೋಡೆಯ ಕಡೆಗೆ ಅಟ್ಟಿದರು. ಅಲ್ಲಿನ ಮರಗಳ ಸಾಲಿನ ಕೆಳಗೆ ಕೂರಿಸಿ ತಲೆ ಎಣಿಸತೊಡಗಿದರು. ಒಬ್ಬಳು ಮಾತ್ರ ತಪ್ಪಿಸಿಕೊಂಡು ಅವನ ಬಳಿ ಬಂದಳು.

“ಅಪ್ಪಾ, ಯಾಕೆ ಕೋಳಿ ಥರ ರೆಕ್ಕೆ ಬಡೀತಿದ್ದೀಯ?”

ಅವನು ನಗಲಿಲ್ಲ. ಸಾಲುಮರಗಳನ್ನೇ ನೋಡುತ್ತಿದ್ದ. ಐದು ಮರ. ಅವನ ಕಣ್ಣಿಗೆ ಐದೂ ಒಂದೇ.

“ಗುಬ್ಬೀ” ಎಂದು ಮೊಣಕಾಲೂರಿ ಅವಳ ಹೆಗಲು ಹಿಡಿದ. “ಅಲ್ಲಿ ನೋಡು. ಒಂದೊಂದು ಮರಾನೂ ನಿಧಾನವಾಗಿ ನೋಡು. ಎಲ್ಲಾ ಕೊಂಬೇಲೂ ಒಂದೇ ಬಣ್ಣ ಇದೆಯಾ?”

ಅವಳು ಬೆರಳು ಚಾಚಿದಳು. “ಮೊದಲನೇದು ಪೂರ್ತಿ ಹಳದಿ. ಎರಡನೇದೂ ಹಳದಿ.”

ಮೂರನೆಯ ಮರದ ಹತ್ತಿರ ಅವಳ ಬೆರಳು ನಿಂತಿತು.